ಕೀವಿನ ಜಾಡು

ಅಂಕೋಲೆಯ ಕಡೆ ಆಪರೇಷನ್ನಿಗೆ ಡಾಕ್ಟರರನ್ನು ಆರಿಸುವುದು ಕೈಗುಣ ನೋಡಿ. ಕಲಿತದ್ದು ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ, ಹೆಸರಿನ ಮುಂದೆ ಎಷ್ಟು ಡಿಗ್ರಿ ಎಂದು ವಿಚಾರಿಸುವವರು ಕಡಿಮೆ. ‘ಅವ್ರ ಕೈಗುಣ ಚಲೋ’ ಎಂದು ಮೀನುಪೇಟೆಯಲ್ಲಿ ಒಬ್ಬರು ಅಂದರೆ ಸಾಕು, ಬೇಲೆಕೇರಿಯಿಂದ ಹಿಲ್ಲೂರಿನ ತನಕ ಆ ಮಾತು ನಡೆಯುತ್ತದೆ. ಗಾಯ ಬೇಗ ಮಾಗಿದರೆ ಕೈಗುಣ. ಕೀವಾದರೆ? ರೋಗಿ ಏನೋ ನಂಜಿನದು ತಿಂದಿರಬೇಕು. ಬದನೆಕಾಯಿ ತಿಂದನೋ, ಬಂಗಡೆ ತಿಂದನೋ, ಯಾರೂ ನೋಡದ ಹಾಗೆ ಗಂಜಿಗೆ ಒಣಸಿಗಡಿ ಚಟ್ನಿ ನೆಂಚಿಕೊಂಡನೋ. ಆಪರೇಷನ್ ಥಿಯೇಟರಿನಲ್ಲಿ, ಅಂದರೆ ಓಟಿಯಲ್ಲಿ, ಸಿಸ್ಟರ್ ಆಗಿ ದುಡಿದ ಇಷ್ಟು ವರ್ಷಗಳಲ್ಲಿ ಡಾಕ್ಟರರ ಕೈ, ರೋಗಿಯ ಬಾಯಿ, ಇವೆರಡನ್ನು ಬಿಟ್ಟು ಮೂರನೆಯ ಕಾರಣವನ್ನು ಊರವರು ಹೇಳಿದ್ದು ನಾನು ಕೇಳಿಲ್ಲ. ಆಸ್ಪತ್ರೆಯೊಳಗಿದ್ದ ನಾವೂ ಬಹಳ ಕಾಲ ಇದಕ್ಕಿಂತ ಜಾಣರೇನಲ್ಲ. ನಮ್ಮ ಪಟ್ಟಿಯಲ್ಲಿ ಹೆಚ್ಚಿಗೆ ಒಂದು ಹೆಸರಿತ್ತು, ಅಷ್ಟೆ: ಆಯಾ.

ಆ ಆಸ್ಪತ್ರೆಯ ಹೆಸರು ಬೇಡ. ಅಂಕೋಲೆಯ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಸರ್ಕಾರದ್ದೋ ಖಾಸಗಿಯದೋ ಎಂಬುದೂ ಇಲ್ಲಿ ಮುಖ್ಯವಲ್ಲ. ಎರಡರಲ್ಲೂ ದುಡಿದಿದ್ದೇನೆ, ಎರಡರಲ್ಲೂ ಇಂಥದ್ದೇ ಕಂಡಿದ್ದೇನೆ. ಒಂದು ಓಟಿ, ಒಂದು ಟೇಬಲ್ಲು, ಇಬ್ಬರು ಸರ್ಜನ್, ಒಬ್ಬರು ಹೆರಿಗೆ ಡಾಕ್ಟರು. ಅರಿವಳಿಕೆ ಕೊಡುವ ಡಾಕ್ಟರು ಊರಿನವರಲ್ಲ. ಹುಬ್ಬಳ್ಳಿಯಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು. ಈ ಎರಡು ದಿನದ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆಗ ನಮಗೆ ಅದು ಗಡಿಯಾರದಷ್ಟು ಸಹಜವಾಗಿಬಿಟ್ಟಿತ್ತು, ಅದರತ್ತ ಯಾರ ಗಮನವೂ ಹೋಗುತ್ತಿರಲಿಲ್ಲ.

ಮೊದಲ ಸುಳಿವು ಬಂದದ್ದು ಡಾಕ್ಟರರಿಂದಲ್ಲ, ಸ್ಟೋರ್‌ಕೀಪರರಿಂದ. ಆಷಾಢದ ಮಳೆ ಜೋರು ಹಿಡಿದ ದಿನಗಳು. ಡ್ರೆಸ್ಸಿಂಗ್ ರೂಮಿನಿಂದ ಗಾಜ್ ಬಟ್ಟೆಗೆ ಪದೇ ಪದೇ ಇಂಡೆಂಟ್ ಹೋಗುತ್ತಿತ್ತು. ‘ಎಂತಕ್ಕೆ ಇಷ್ಟು ಗಾಜು? ಮನೆಗೆ ಒಯ್ತ್ರೋ ಏನು?’ ಎಂದು ಅವರು ಸಿಡುಕಿದರು. ಡ್ರೆಸ್ಸಿಂಗ್ ಮಾಡುವ ಹುಡುಗ ಪಾಪ, ಕಳ್ಳತನದ ಮಾತು ಬಂದಿದ್ದಕ್ಕೆ ಕೆಂಪಾಗಿ, ದಿನಾ ಯಾರು ಯಾರು ಬರುತ್ತಾರೆಂದು ಹೆಸರು ಬರೆದಿಟ್ಟುಕೊಳ್ಳತೊಡಗಿದ. ವಾರ ಬಿಟ್ಟು ಆ ಚೀಟಿಯನ್ನು ನನಗೆ ತೋರಿಸಿದ. ಅದರಲ್ಲಿದ್ದ ಹೆಸರುಗಳೆಲ್ಲ ನನಗೆ ಗೊತ್ತಿದ್ದವು. ಒಂದೆರಡು ವಾರದ ಕೆಳಗೆ ನಮ್ಮದೇ ಟೇಬಲ್ಲಿನ ಮೇಲೆ ಮಲಗಿ ಎದ್ದು ಹೋದವರು: ಹರ್ನಿಯಾ, ಹೈಡ್ರೋಸಿಲ್, ಸಿಜೇರಿಯನ್.

ಇದು ನಮಗೆ ಅಲ್ಲಿಯತನಕ ಕಾಣದಿದ್ದದ್ದಕ್ಕೆ ಕಾರಣ ಸರಳ. ಆಪರೇಷನ್ ಗಾಯ ಕೀವಾಗುವುದಿದ್ದರೆ ಸಾಮಾನ್ಯವಾಗಿ ಐದನೆಯ ದಿನದಿಂದ ಹತ್ತನೆಯ ದಿನದೊಳಗೆ ಕೆಂಪಾಗುತ್ತದೆ, ಜಿನುಗುತ್ತದೆ. ರೋಗಿ ಮನೆಗೆ ಹೋಗುವುದು ಮೂರು ನಾಲ್ಕನೆಯ ದಿನ. ಹೊಲಿಗೆ ಬಿಚ್ಚಿಸಿಕೊಳ್ಳುವುದು ಊರಿನ ಆರೋಗ್ಯ ಕೇಂದ್ರದಲ್ಲೋ ಪರಿಚಯದ ಕಂಪೌಂಡರರ ಹತ್ತಿರವೋ. ಓಟಿ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಆಪರೇಷನ್, ಸರ್ಜನ್, ಅರಿವಳಿಕೆ ಎಲ್ಲಕ್ಕೂ ಕಾಲಂ ಇತ್ತು. ಆಮೇಲೆ ಏನಾಯಿತು ಎನ್ನುವುದಕ್ಕೆ ಇರಲಿಲ್ಲ. ಟೇಬಲ್ಲಿನಿಂದ ಇಳಿಯುವಾಗ ರೋಗಿ ಉಸಿರಾಡುತ್ತಿದ್ದರೆ ನಮ್ಮ ಪುಸ್ತಕದ ಪ್ರಕಾರ ಕೆಲಸ ಸಫಲ. ನೂರು ವರ್ಷಕ್ಕೂ ಹಿಂದೆ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್ ಪ್ರತಿ ರೋಗಿಯನ್ನೂ ಬೆನ್ನು ಹತ್ತಿ, ಕೊನೆಗೆ ಏನಾಯಿತೆಂದು ಕಾರ್ಡಿನಲ್ಲಿ ಬರೆದಿಡಬೇಕೆಂದು ಹಟ ಹಿಡಿದಿದ್ದನಂತೆ. ಸಹೋದ್ಯೋಗಿಗಳಿಗೆ ಅವನು ಬೇಡವಾದ. ಬೇಡವಾಗುವುದು ಸಹಜವೇ, ಲೆಕ್ಕ ಬರೆಯುವವರನ್ನು ಮೆಚ್ಚಿಕೊಂಡ ಆಸ್ಪತ್ರೆಯನ್ನು ನಾನೂ ಕಂಡಿಲ್ಲ.

ರಿಜಿಸ್ಟರಿನ ಬಲಬದಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ‘30 ದಿನ’ ಎಂದು ಬರೆದೆ. ಗಾಯದ ಸೋಂಕಿಗೆ 30 ದಿನ ಕಾಯಬೇಕು, ಒಳಗೆ ಜಾಲರಿ ಕೂರಿಸಿದ್ದರೆ 90 ದಿನ, ಎಂಬುದು ತರಬೇತಿಯಲ್ಲಿ ಕೇಳಿದ ಮಾತು. ಫೋನು ಮಾಡಿ ವಿಚಾರಿಸುವುದೆಂದರೆ ಆಗ ಒಂದು ಸಾಹಸ. ಅಚವೆ, ಹಿಲ್ಲೂರು, ಸುಂಕಸಾಳದ ಕಡೆ ನೆಟ್‌ವರ್ಕ್ ಇರಲಿಲ್ಲ. ಕೊಟ್ಟ ನಂಬರು ಅವರದ್ದಲ್ಲ, ಪಕ್ಕದ ಮನೆಯ ಮಾಸ್ತರರದ್ದು ಅಥವಾ ರಸ್ತೆ ಬದಿಯ ಅಂಗಡಿಯದು. ‘ಗಾಯ ಹ್ಯಾಗಿದೆ?’ ಎಂದರೆ ‘ಯಾರ ಗಾಯ?’ ಎಂದು ಅತ್ತಲಿಂದ ಗಾಬರಿ. ಆದರೂ ಮಳೆಗಾಲ ಮುಗಿಯುವುದರೊಳಗೆ ನಾಲ್ಕು ಪುಟ ತುಂಬಿದವು.

ಅಷ್ಟರಲ್ಲಿ ಆಡಳಿತಕ್ಕೆ ಸುದ್ದಿ ಹೋಗಿತ್ತು. ಕೀವು ಎಂದ ಕೂಡಲೇ ಎಲ್ಲ ಆಸ್ಪತ್ರೆಗಳೂ ಮಾಡುವುದನ್ನು ನಾವೂ ಮಾಡಿದೆವು. ಓಟಿ ಬಂದ್. ಬಾಗಿಲ ಸಂದಿಗೆಲ್ಲ ಪಟ್ಟಿ ಅಂಟಿಸಿ ಫಾರ್ಮಾಲಿನ್ ಹೊಗೆ. ಮರುದಿನ ಒಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಗೋಡೆ, ಟೇಬಲ್ಲು, ದೀಪದ ಮೇಲೆಲ್ಲ ಹತ್ತಿಕಡ್ಡಿ ಸವರಿ ಲ್ಯಾಬಿಗೆ ಕಳಿಸಿದ್ದಾಯಿತು. ‘ಯಾವುದೇ ಬೆಳವಣಿಗೆ ಇಲ್ಲ’ ಎಂದು ವರದಿ ಬಂತು. ಎಲ್ಲರಿಗೂ ನೆಮ್ಮದಿ. ಮುಂದಿನ ವಾರ ಮತ್ತೆ ಕೀವು. ಗೋಡೆಯಲ್ಲಿದ್ದ ಕ್ರಿಮಿ ಗಾಯಕ್ಕೆ ಹಾರಿ ಬರುವುದು ಅಪರೂಪ, ಹೆಚ್ಚಿನ ಸೋಂಕು ಬರುವುದು ರೋಗಿಯದೇ ಚರ್ಮದಿಂದ, ನಮ್ಮ ಕೈಯಿಂದ, ಸಲಕರಣೆಯಿಂದ. ಹಾಗಾಗಿ ಈ ಹೊಗೆಯ ಪದ್ಧತಿಯನ್ನು ಎಷ್ಟೋ ಮಾರ್ಗಸೂಚಿಗಳು ಕೈಬಿಟ್ಟಿವೆ. ಆದರೂ ಹೊಗೆ ಹಾಕುವುದರಲ್ಲಿ ಒಂದು ಅನುಕೂಲವಿದೆ. ಯಾರನ್ನೂ ಪ್ರಶ್ನೆ ಕೇಳಬೇಕಾಗಿಲ್ಲ.

ಹೊಗೆಯ ನಂತರದ ಸರದಿ ಆಯಾದ್ದು. ಓಟಿಯ ಬಟ್ಟೆಗಳನ್ನು ಹಬೆಯಲ್ಲಿ ನಿರ್ಜಂತು ಮಾಡುವ ಆಟೋಕ್ಲೇವ್ ಯಂತ್ರವನ್ನು ಎಷ್ಟೋ ವರ್ಷದಿಂದ ನೋಡಿಕೊಳ್ಳುತ್ತಿದ್ದ ಹೆಂಗಸು. ನಾವೆಲ್ಲ ಅವರನ್ನು ಆಟೋಕ್ಲೇವ್ ಅಕ್ಕ ಎಂದೇ ಕರೆಯುತ್ತಿದ್ದದ್ದು. ‘ಇನ್ನು ಮುಂದೆ ಎಚ್ಚರಿಕೆಯಿಂದ ಕೆಲಸ ನಿರ್ವಹಿಸತಕ್ಕದ್ದು’ ಎಂಬ ಮೆಮೋ ಅವರ ಕೈಗೆ ಬಂತು. ಓದಲು ಬಾರದ ಅಕ್ಕ ಅದನ್ನು ನನ್ನ ಹತ್ತಿರವೇ ಓದಿಸಿಕೊಂಡರು.

ನನ್ನ ಪೆನ್ಸಿಲ್ ಕಾಲಮ್ಮು ಬೇರೆಯೇ ಕತೆ ಹೇಳುತ್ತಿತ್ತು. ಕೀವಾದವರು ಇಬ್ಬರೂ ಸರ್ಜನ್ನರ ರೋಗಿಗಳು. ಹೆರಿಗೆ ಡಾಕ್ಟರರವರೂ ಇದ್ದರು. ಅಲ್ಲಿಗೆ ಕೈಗುಣ ಖುಲಾಸೆ. ಬಂಗಡೆಯೂ ಖುಲಾಸೆ, ಏಕೆಂದರೆ ಆಷಾಢದಲ್ಲಿ ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್, ಊರಲ್ಲಿ ತಾಜಾ ಬಂಗಡೆಯೇ ಅಪರೂಪ. ಉಳಿದದ್ದು ಒಂದು ವಿಚಿತ್ರ. ಆ ದಿನದ ಪಟ್ಟಿಯಲ್ಲಿ ಮೊದಲ ಮೂರು ನಾಲ್ಕು ಹೆಸರಿನವರು ಡ್ರೆಸ್ಸಿಂಗ್ ರೂಮಿನ ಚೀಟಿಯಲ್ಲಿ ಬಹುಮಟ್ಟಿಗೆ ಇರಲಿಲ್ಲ. ಊಟದ ಹೊತ್ತಿನ ನಂತರ ಟೇಬಲ್ ಹತ್ತಿದವರೇ ಹೆಚ್ಚು. ಕೀವಿನ ಗಡ್ಡೆ ಕೊಯ್ಯುವಂಥ ಕೊಳಕು ಕೇಸುಗಳನ್ನು ಎಲ್ಲ ಓಟಿಯಲ್ಲೂ ಕೊನೆಗೆ ಹಾಕುತ್ತಾರೆ, ಅದಕ್ಕೇ ಹೀಗೆ ಕಾಣುತ್ತಿರಬೇಕು ಎಂದು ಸರ್ಜನ್ ಅಂದರು. ನ್ಯಾಯವಾದ ಆಕ್ಷೇಪಣೆ. ಅಂಥವನ್ನೆಲ್ಲ ಹೊಡೆದು ಹಾಕಿ ಶುದ್ಧ ಹರ್ನಿಯಾಗಳನ್ನಷ್ಟೇ ಇಟ್ಟು ನೋಡಿದೆವು. ಮಧ್ಯಾಹ್ನದವರೇ ಹೆಚ್ಚು.

ಈ ಹೊತ್ತಿಗೆ ಬೆಂಗಳೂರಿನಿಂದ ಗುಣಮಟ್ಟದ ತರಬೇತಿಗೆಂದು ಒಬ್ಬರು ಬಂದರು. ಬಿಳಿ ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ, ಅದಕ್ಕೆ ಓರೆಯಾಗಿ ಆರು ಗೆರೆ ಎಳೆದು ‘ಇದು ಮೀನಿನ ಮುಳ್ಳು’ ಎಂದರು. ಕೌರು ಇಶಿಕಾವಾ ಎಂಬ ಜಪಾನಿ ತಜ್ಞ ಬಳಕೆಗೆ ತಂದ ಚಿತ್ರವಂತೆ. ತಲೆಯ ಕಡೆ ತೊಂದರೆ, ಮುಳ್ಳಿಗೊಂದರಂತೆ ಕಾರಣ: ಜನ, ಯಂತ್ರ, ಸಾಮಗ್ರಿ, ವಿಧಾನ, ಪರಿಸರ, ಅಳತೆ. ಹಿಂದಿನ ಸಾಲಿನಲ್ಲಿದ್ದ ಹಾರವಾಡದ ವಾರ್ಡ್‌ಬಾಯ್ ಮೆಲ್ಲಗೆ, ‘ಸರ್, ಇದು ತಾರ್ಲೆಯೋ ಇಸ್ವಾಣವೋ?’ ಎಂದು ಕೇಳಿದ. ಎಲ್ಲರೂ ನಕ್ಕರು. ತರಬೇತಿ ಕೊಡಲು ಬಂದವರಿಗೆ ಅರ್ಥವಾಗಲಿಲ್ಲ. ಆದರೆ ಪ್ರಶ್ನೆ ಪೆದ್ದುತನದ್ದಾಗಿರಲಿಲ್ಲ. ಇಸ್ವಾಣದಲ್ಲಿ ನಡುಮುಳ್ಳು ತೆಗೆದರೆ ಮುಗಿಯಿತು. ತಾರ್ಲೆಯಲ್ಲಿ ಕೂದಲಿನಂಥ ಮುಳ್ಳುಗಳು ಎಲ್ಲೆಲ್ಲಿ ಅಡಗಿವೆಯೋ ತಿನ್ನುವವನಿಗೂ ಗೊತ್ತಾಗುವುದಿಲ್ಲ. ಅಂದು ನಾವು ಬರೆದ ಚಿತ್ರ ತಾರ್ಲೆಯದಾಯಿತು. ಆರು ಮುಳ್ಳಿಗೆ ಮೂವತ್ತು ಕಾರಣ, ಎಲ್ಲವೂ ನಿಜ, ಯಾವುದರಿಂದ ಶುರು ಮಾಡಬೇಕೆಂದು ಯಾರಿಗೂ ತಿಳಿಯದು. ಹಲಗೆಯ ಫೋಟೋ ತೆಗೆದು ಫೈಲಿಗೆ ಹಚ್ಚಿದರು.

ಇಂಥ ಗೊಂದಲ ನಮಗಿಂತ ದೊಡ್ಡವರಿಗೂ ಆಗಿದೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಬಾಣಂತಿಯರ ಸಾವಿನ ಕಾರಣ ಹುಡುಕುತ್ತಿದ್ದಾಗ, ಸಾಯುವವರಿಗೆ ಕೊನೆಯ ಪ್ರಾರ್ಥನೆ ಮಾಡಲು ಬರುವ ಪಾದ್ರಿಯ ಗಂಟೆಯ ಸದ್ದಿಗೆ ಹೆದರಿ ಹೆಂಗಸರು ಸಾಯುತ್ತಿರಬಹುದೇ ಎಂದೂ ಯೋಚಿಸಿದ್ದ. ಗಂಟೆ ನಿಲ್ಲಿಸಿ ನೋಡಿದ, ಸಾವು ನಿಲ್ಲಲಿಲ್ಲ. ಒಂದೇ ಆಸ್ಪತ್ರೆ, ಎರಡು ವಿಭಾಗ. ಸೂಲಗಿತ್ತಿಯರ ವಿಭಾಗದಲ್ಲಿ ಸಾವು ಕಡಿಮೆ, ಡಾಕ್ಟರರ ವಿಭಾಗದಲ್ಲಿ ಹೆಚ್ಚು. ಶವಪರೀಕ್ಷೆಯ ವೇಳೆ ಬೆರಳಿಗೆ ಗಾಯವಾಗಿ ಅವನ ಗೆಳೆಯ ಬಾಣಂತಿಯರಂತೆಯೇ ಜ್ವರ ಬಂದು ಸತ್ತಾಗ ಹೊಳೆಯಿತು: ಶವ ಮುಟ್ಟಿದ ಕೈಯಲ್ಲೇ ಡಾಕ್ಟರರು ಹೆರಿಗೆಗೆ ಬರುತ್ತಿದ್ದಾರೆ. 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿದ, ಸಾವು ಇಳಿಯಿತು. ಈ ಕತೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಕ್ಲೋರಿನ್ ಅಲ್ಲ, ಆ ಎರಡು ವಿಭಾಗಗಳ ಹೋಲಿಕೆ. ನಮ್ಮಲ್ಲಿ ಆ ಎರಡು ವಿಭಾಗ ಬೆಳಿಗ್ಗೆ ಮತ್ತು ಮಧ್ಯಾಹ್ನ.

ಮಧ್ಯಾಹ್ನ ಏನು ಬದಲಾಗುತ್ತದೆ ಎಂದು ಕೇಳಿದ್ದು ಆಟೋಕ್ಲೇವ್ ಅಕ್ಕನನ್ನು. ಅವರು ಚಹಾ ಕುಡಿಯುತ್ತಿದ್ದರು. ಮೆಮೋದ ಸಿಟ್ಟು ಇನ್ನೂ ಇತ್ತು.

‘ಮಧ್ಯಾಹ್ನದ ಡ್ರಮ್ಮು ಹಸಿ ಇರ್ತದ್ರಾ ಸಿಸ್ಟರೇ’ ಎಂದರು.

‘ಹಸಿ ಅಂದ್ರೆ?’

‘ಹಸಿ ಅಂದ್ರೆ ಹಸಿ. ಒಣಗೂಕೆ ಬಿಟ್ರೆ ಅಲ್ವಾ ಒಣಗೂದು? ಒಳಗಿಂದ ಕೂಗ್ತ್ರಿ, ಗೌನ್ ತನ್ನಿ, ಗೌನ್ ತನ್ನಿ ಅಂತೆ. ನಾ ಎಂತಾ ಮಾಡೂದು?’

‘ಇದನ್ನ ಯಾರಿಗಾದ್ರೂ ಹೇಳಿದ್ರಾ ಅಕ್ಕ?’

‘ಯಾರ್ ಕೇಳೀರು?’

ಆಟೋಕ್ಲೇವ್ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ನಿಲುವಿನ ಹಳೆಯ ಯಂತ್ರ. 121 ಡಿಗ್ರಿ ಶಾಖ, 15 ಪೌಂಡ್ ಒತ್ತಡದ ಹಬೆ, 20 ನಿಮಿಷ. ಕ್ರಿಮಿ ಸಾಯುವುದು ಅಲ್ಲಿಗೆ ಮುಗಿಯುತ್ತದೆ. ಆದರೆ ಹಬೆ ಬಿಟ್ಟ ಮೇಲೆ ಬಟ್ಟೆ ಒಣಗಲು ಇನ್ನೂ ಅಷ್ಟೇ ಹೊತ್ತು ಬೇಕು. ಹಸಿ ಕಟ್ಟು ಹೊರಬಂದರೆ, ಅದನ್ನು ಇಟ್ಟ ಜಾಗದ, ಮುಟ್ಟಿದ ಕೈಯ ಕ್ರಿಮಿಗಳು ತೇವದ ದಾರಿಯಲ್ಲೇ ಒಳಗಿಳಿಯುತ್ತವೆ. ಬಟ್ಟೆ ತುಂಬಿ ಯಂತ್ರದೊಳಗೆ ಇಡುವ ಡಬ್ಬಿಯೇ ಡ್ರಮ್ಮು; ಅದರಲ್ಲಿ ಬಟ್ಟೆ ತುರುಕಿದ್ದರೆ ಹಬೆ ನಡುವಿನ ತನಕ ಹೋಗುವುದೂ ಅನುಮಾನ. ಕಟ್ಟಿನ ಮೇಲೆ ಅಂಟಿಸುವ ಪಟ್ಟಿಯ ಗೆರೆಗಳು ಕಪ್ಪಾಗುತ್ತವಲ್ಲ, ಅದನ್ನು ನೋಡಿ ನಾವು ‘ಆಯ್ತು’ ಅನ್ನುತ್ತಿದ್ದೆವು. ಪಟ್ಟಿ ಹೇಳುವುದು ಹೊರಮೈಗೆ ಶಾಖ ತಗುಲಿತು ಎಂದಷ್ಟೆ. ಒಳಗೆ ಏನಾಗಿದೆ ಎನ್ನುವುದು ಅದಕ್ಕೆ ಗೊತ್ತಿಲ್ಲ.

ಇನ್ನು ಮಳೆಗಾಲದಲ್ಲಿ ತೊಳೆದ ಬಟ್ಟೆ ಒಣಗುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಸುರಿಯುವ ಮಳೆ ಬಯಲುಸೀಮೆಯವರು ಕೇಳಿದರೆ ನಂಬುವುದಿಲ್ಲ. ಮನೆಯಲ್ಲಿ ಪಂಚೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುವವರು ನಾವು. ಆಸ್ಪತ್ರೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಹರವಿದ ಗೌನು, ಶೀಟುಗಳು ಅರೆಹಸಿಯಲ್ಲೇ ಡ್ರಮ್ಮಿಗೆ ಹೋಗುತ್ತಿದ್ದವು. ಬೆಳಗಿನ ಡ್ರಮ್ಮುಗಳು ಹಿಂದಿನ ಸಂಜೆ ಆದವು, ರಾತ್ರಿಯಿಡೀ ಸಾವಕಾಶ ಒಣಗಿದವು. ಮಧ್ಯಾಹ್ನದವು ಆ ದಿನವೇ ತೊಳೆದು, ಆ ದಿನವೇ ಬೇಯಿಸಿ, ಕೂಗಿದಾಗ ಕೊಟ್ಟವು. ಕೂಗುತ್ತಿದ್ದದ್ದು ಎಂತಕ್ಕೆ? ಬಟ್ಟೆಯ ಸೆಟ್ಟು ಕಡಿಮೆ. ಕಡಿಮೆ ಎಂತಕ್ಕೆ? ದಿನಕ್ಕೆ ನಾಲ್ಕು ಕೇಸಿನ ಲೆಕ್ಕದಲ್ಲಿ ಖರೀದಿಸಿದ್ದು, ಮಾಡುತ್ತಿದ್ದದ್ದು ಹತ್ತು. ಹತ್ತು ಎಂತಕ್ಕೆ? ವಾರದ ಎಲ್ಲ ಆಪರೇಷನ್ನುಗಳೂ ಎರಡೇ ದಿನಕ್ಕೆ ಬಂದು ಬೀಳುತ್ತಿದ್ದವು. ಎರಡೇ ದಿನ ಎಂತಕ್ಕೆ? ಅರಿವಳಿಕೆ ಡಾಕ್ಟರು ಬರುವುದು ಎರಡೇ ದಿನ.

ಅವರನ್ನು ದೂರಿ ಪ್ರಯೋಜನವಿಲ್ಲ. ಬೆಳಗಿನ ಜಾವ ಹುಬ್ಬಳ್ಳಿ ಬಿಟ್ಟು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬರಬೇಕು. ಘಟ್ಟದ ತಿರುವಿನಲ್ಲಿ ಒಂದು ಲಾರಿ ಅಡ್ಡ ಬಿದ್ದರೆ ಅಂದಿನ ಪಟ್ಟಿ ಹನ್ನೊಂದಕ್ಕೆ ಶುರು. ಸಂಜೆ ಕತ್ತಲಾಗುವ ಮೊದಲು ಘಟ್ಟ ಹತ್ತಬೇಕೆಂಬ ಅವಸರ. ನಡುವೆ ಸಿಕ್ಕ ಐದಾರು ತಾಸಿನಲ್ಲಿ ಹತ್ತು ಜನ. ಎದೆಗೆ ಸ್ಟೆತಾಸ್ಕೋಪ್ ಹಿಡಿದುಕೊಂಡೇ ನಿಂತಲ್ಲಿ ಅವಲಕ್ಕಿ ತಿನ್ನುತ್ತಿದ್ದ ಮನುಷ್ಯ ಅವರು.

ಇಷ್ಟು ತಿಳಿದ ಮೇಲೆ ಮೀನಿನ ಮುಳ್ಳಿನ ಫೋಟೋ ತೆಗೆದು ಮತ್ತೆ ನೋಡಿದೆ. ಬೇರೆ ಬೇರೆ ಎಂದುಕೊಂಡಿದ್ದ ಮುಳ್ಳುಗಳು ಒಂದೇ ಕಡೆ ಬಂದು ಸೇರುತ್ತಿದ್ದವು. ಸೋಂಕು ಬರದಂತೆ ಕೊಡುವ ಆಂಟಿಬಯೋಟಿಕ್ ಇಂಜೆಕ್ಷನ್ನನ್ನು ಕೊಯ್ಯುವುದಕ್ಕೆ ಮುಂಚಿನ ಒಂದು ತಾಸಿನೊಳಗೆ ಕೊಡಬೇಕು. ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಏಳಕ್ಕೇ ಹತ್ತೂ ಜನರಿಗೆ ಸಾಲಾಗಿ ಚುಚ್ಚಿಬಿಡುತ್ತಿದ್ದರು, ಏಕೆಂದರೆ ಪಟ್ಟಿ ಶುರುವಾದ ಮೇಲೆ ವಾರ್ಡಿನ ಒಬ್ಬಳೇ ಸಿಸ್ಟರಿಗೆ ಬಿಡುವಿಲ್ಲ. ಎಂಟನೆಯವನ ಸರದಿ ಬರುವಾಗ ಎರಡು ಗಂಟೆ. ರಕ್ತದಲ್ಲಿ ಔಷಧಿಯ ಬಲ ಅಷ್ಟರಲ್ಲಿ ಇಳಿದಿರುತ್ತಿತ್ತು. ಕೂದಲು ತೆಗೆಯುವುದೂ ಹಾಗೆಯೇ. ರೇಜರಿನಲ್ಲಿ ಕೆರೆದರೆ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ತಾಸು ಕಳೆದಂತೆ ಅಲ್ಲಿ ಕ್ರಿಮಿ ಬೆಳೆಯುತ್ತದೆ. ಅದಕ್ಕೇ ಕೂದಲು ಬಿಡಿ, ತೆಗೆಯಲೇಬೇಕಾದರೆ ಕ್ಲಿಪ್ಪರಿನಿಂದ, ಆಪರೇಷನ್ನಿಗೆ ಸ್ವಲ್ಪ ಮುಂಚೆ ತೆಗೆಯಿರಿ ಎನ್ನುತ್ತಾರೆ. ನಮ್ಮಲ್ಲಿ ಹಿಂದಿನ ರಾತ್ರಿಯೇ ಹತ್ತೂ ಜನರಿಗೆ ರೇಜರು. ಬೆಳಿಗ್ಗೆ ಅಷ್ಟು ಜನರನ್ನು ತಯಾರು ಮಾಡುವವರು ಯಾರು? ಡ್ರಮ್ಮು, ಇಂಜೆಕ್ಷನ್, ರೇಜರು. ಮೂರು ಬೇರೆ ಬೇರೆ ಜನರ ಮೂರು ಬೇರೆ ಬೇರೆ ‘ಅಲಕ್ಷ್ಯ’. ಮೂರರ ಹಿಂದೆಯೂ ಆ ಹತ್ತು ಹೆಸರಿನ ಪಟ್ಟಿ.

ಕಾರಣ ವಿಚಾರಿಸಲು ಆಸ್ಪತ್ರೆಯ ಸಮಿತಿ ಕೂತಿತು. ನಾನು ಬರೆದದ್ದನ್ನೆಲ್ಲ ಓದಿದರು, ನಿಜ ಹೇಳಬೇಕೆಂದರೆ ಆಸಕ್ತಿಯಿಂದಲೇ ಓದಿದರು. ವರದಿಯ ಕೊನೆಯ ಸಾಲು ಹೀಗಿತ್ತು: ಡ್ರಮ್ ತುಂಬುವ ವಿಧಾನದ ಬಗ್ಗೆ ಸಿಬ್ಬಂದಿಗೆ ತರಬೇತಿ ನೀಡುವುದು. ಮುಖ್ಯಸ್ಥರನ್ನು ಆಮೇಲೆ ಕಂಡು ಅರಿವಳಿಕೆ ಡಾಕ್ಟರರ ಸಂಗತಿ ಏಕೆ ಬರೆಯಲಿಲ್ಲ ಎಂದು ಕೇಳಿದೆ. ‘ಬರೆದ್ರೆ ಕ್ರಮ ತಗೊಂಡಿದ್ದು ತೋರಿಸ್ಬೇಕಾಗ್ತದೆ ಸಿಸ್ಟರ್. ಡಾಕ್ಟರರನ್ನ ನಾನೆಲ್ಲಿಂದ ತರ್ಲಿ?’ ಎಂದರು. ಅವರು ಸುಳ್ಳು ಹೇಳಲಿಲ್ಲ. ಆ ಹುದ್ದೆಗೆ ಜಾಹೀರಾತು ಕೊಟ್ಟು ಕೊಟ್ಟು ಬೇಸತ್ತಿದ್ದರು. ಬಂದವರೊಬ್ಬರು ಮಕ್ಕಳ ಶಾಲೆಯ ಕಾರಣಕ್ಕೆ ಹೋದರು, ಇನ್ನೊಬ್ಬರು ಹಗಲೂ ರಾತ್ರಿ ಒಬ್ಬರೇ ಕರೆಗೆ ಓಡಬೇಕೆಂಬ ಕಾರಣಕ್ಕೆ ಹೋದರು. ಕಾರಣವನ್ನು ಅಗೆಯುತ್ತ ಹೋದರೆ ಬೇರು ಸಿಗುತ್ತದೆ ಎಂದು ತರಬೇತಿಯಲ್ಲಿ ಹೇಳುತ್ತಾರೆ. ನಾನು ಕಂಡದ್ದು ಬೇರೆ. ಅಗೆಯುವವರ ಸಹಿ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಗೆ ಗುದ್ದಲಿ ನಿಲ್ಲುತ್ತದೆ. ನಿಂತ ಜಾಗಕ್ಕೆ ಬೇರು ಎಂದು ಹೆಸರಿಡುತ್ತಾರೆ. ಸಾಮಾನ್ಯವಾಗಿ ಆ ಜಾಗದಲ್ಲಿ ಒಬ್ಬ ಆಯಾ ನಿಂತಿರುತ್ತಾಳೆ.

ಹಾಗೆಂದು ಏನೂ ಆಗಲಿಲ್ಲ ಎನ್ನಲಾರೆ. ಇಂಜೆಕ್ಷನ್ ವಾರ್ಡಿನಿಂದ ಓಟಿಯ ಟೇಬಲ್ಲಿಗೆ ಬಂತು. ರೇಜರು ಹೋಗಿ ಕ್ಲಿಪ್ಪರ್ ಬಂತು. ಸಣ್ಣ ಕೇಸುಗಳನ್ನು ಸ್ಥಳೀಯ ಅರಿವಳಿಕೆಯಲ್ಲಿ ಉಳಿದ ದಿನಗಳಿಗೆ ಹಂಚಲು ಸರ್ಜನ್ನರು ಒಪ್ಪಿದರು. ಹೊಸ ಗೌನುಗಳಿಗೆ ಮಾತ್ರ ಮತ್ತೊಂದು ಮಳೆಗಾಲ ಕಾಯಬೇಕಾಯಿತು. ಗಾಜ್ ಇಂಡೆಂಟ್ ಇಳಿಯಿತು. ಹಸಿ ಡ್ರಮ್ಮು ಪೂರ್ತಿ ನಿಲ್ಲಲಿಲ್ಲ.

ಆ ಸುಮಾರಿಗೇ ಬಂದ ಇನ್ನೊಂದು ಕಾಗದದ ಕತೆಯನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನಿಗೊಂದು ಪರಿಶೀಲನಾ ಪಟ್ಟಿ ಮಾಡಿತು. ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಹೊರಹೋಗುವ ಮುಂಚೆ, ಮೂರು ಕಡೆ ನಿಂತು ಬಾಯಿಬಿಟ್ಟು ಓದಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ನಮ್ಮಲ್ಲಿ ಅದು ಬಂದಾಗ ಬೆಳಿಗ್ಗೆ ಎಂಟಕ್ಕೆ ಒಬ್ಬಳು ಹುಡುಗಿ ಕೂತು ಹತ್ತೂ ಹಾಳೆಗೆ ಎಲ್ಲ ಟಿಕ್ಕನ್ನೂ ಮೊದಲೇ ಹಾಕಿಡುತ್ತಿದ್ದಳು. ಗಟ್ಟಿಯಾಗಿ ಓದಲು ಸರ್ಜನ್ನರಿಗೆ ನಾಚಿಕೆ. ಅದು ನಿಜವಾಗಿ ಶುರುವಾದದ್ದು ಒಂದೇ ಹೆಸರಿನ ಇಬ್ಬರು ಗೌಡರು ಒಂದೇ ದಿನ ಬಂದಾಗ. ಗೌಡರೆಂದು ಕರೆಸಿಕೊಳ್ಳುವ ನಮ್ಮ ಹಾಲಕ್ಕಿಗಳಲ್ಲಿ ಹುಟ್ಟಿದ ವಾರದ ಹೆಸರಿಡುವುದು ಹೆಚ್ಚು. ಶುಕ್ರವಾರ ಹುಟ್ಟಿದವ ಸುಕ್ರು, ಹುಟ್ಟಿದವಳು ಸುಕ್ರಿ. ಆ ಇಬ್ಬರು ಗೌಡರಲ್ಲಿ ಒಬ್ಬರಿಗೆ ಬಲಗಡೆಯ ಹರ್ನಿಯಾ, ಇನ್ನೊಬ್ಬರಿಗೆ ಎಡಗಡೆಯದು, ಕೇಸ್‌ಪೇಪರು ಅದಲು ಬದಲು. ಟೇಬಲ್ಲಿನ ಮೇಲೆ ಮಲಗಿದ್ದ ಗೌಡರೇ ‘ನಂದು ಈ ಬದಿ ಅಲ್ವಾ ಡಾಕ್ಟ್ರೇ’ ಎಂದು ಕೇಳಿದ್ದರಿಂದ ಉಳಿಯಿತು. ಬೆನ್ನಿಗೆ ಸೂಜಿ ಕೊಟ್ಟು ಎಚ್ಚರವಿರುವ ಹಾಗೆ ಮಾಡುವ ಆಪರೇಷನ್ ಆಗಿರದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಮರುದಿನದಿಂದ ಸರ್ಜನ್ನರ ನಾಚಿಕೆ ಹೋಯಿತು.

ಮುಂದೆ ನಾನು ಸೇರಿದ ಇನ್ನೊಂದು ಕಡೆ ದುರ್ಬೀನಿನ ಆಪರೇಷನ್ ಶುರುವಾಗಿತ್ತು. ಪಿತ್ತಕೋಶ ತೆಗೆಸಿಕೊಂಡವರು ಎರಡು ಮೂರು ದಿನಕ್ಕೆ ನಗುತ್ತಾ ಮನೆಗೆ ಹೋಗುವುದು ಹೊಸ ಸೋಜಿಗ. ಆದರೆ ತಿಂಗಳು ಕಳೆದ ಮೇಲೆ ಕೆಲವರು ಹೊಕ್ಕಳ ಬಳಿ ಗಂಟು ಹೊತ್ತು ಬಂದರು. ನೋವಿಲ್ಲ, ಜ್ವರವಿಲ್ಲ, ತೆಳುವಾಗಿ ನೀರು ಸೋರುತ್ತದೆ. ಯಾವ ಮಾತ್ರೆಗೂ ಬಗ್ಗುವುದಿಲ್ಲ, ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಭಾರತದ ಎಷ್ಟೋ ಊರುಗಳಲ್ಲಿ ಸರ್ಜನ್ನರನ್ನು ಕಾಡಿದ ಪೀಡೆ ಇದು. ಕ್ಷಯದ ಕ್ರಿಮಿಯ ದೂರದ ಬಳಗದವು, ನೀರಿನಲ್ಲಿ, ಮಣ್ಣಿನಲ್ಲಿ ಬದುಕುವಂಥವು. ದುರ್ಬೀನಿನ ಸಲಕರಣೆಗಳನ್ನು ಆಟೋಕ್ಲೇವ್ ಮಾಡದೆ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ನೆನೆಸುತ್ತಿದ್ದರು. 20 ನಿಮಿಷ ನೆನೆಸಿದರೆ ಮಾಮೂಲಿ ಕ್ರಿಮಿ ಸಾಯುತ್ತವೆ. ಪೂರ್ತಿ ನಿರ್ಜಂತುವಾಗಬೇಕಾದರೆ ಎಂಟು ಹತ್ತು ತಾಸು. ಒಂದೇ ಸೆಟ್ಟಿನಲ್ಲಿ ಮೂರು ಕೇಸು ಮಾಡುವವರಿಗೆ ಎಂಟು ತಾಸು ಎಲ್ಲಿಂದ ಬರಬೇಕು?

ಇಲ್ಲಿಯೂ ದ್ರಾವಣ ಬದಲಿಸಿದರು, ಕಂಪನಿ ಬದಲಿಸಿದರು. ತೊಳೆಯುವ ನೀರಿನ ವಿಚಾರ ಹೊರಬಂದದ್ದು ಪಾತ್ರೆ ತುಂಬುವ ಹುಡುಗಿಯ ಬಾಯಿಂದ. ದ್ರಾವಣದಿಂದ ತೆಗೆದ ಸಲಕರಣೆಗಳನ್ನು ನಿರ್ಜಂತು ನೀರಿನಲ್ಲಿ ತೊಳೆಯಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಮೊದಲ ಕೇಸಿಗೆ ಬಾಟಲಿಯ ನೀರು ಇರುತ್ತಿತ್ತು. ಅದು ಮುಗಿದ ಮೇಲೆ ನಲ್ಲಿಯದು. ನಲ್ಲಿಗೆ ಬರುವುದು ಮಾಡಿನ ಮೇಲಿನ ಟಾಕಿಯಿಂದ. ಬಾಟಲಿ ಸ್ಟೋರಿನಿಂದ ದಿನಕ್ಕೆ ಎಷ್ಟು ಕೊಡಬೇಕೆಂದು ಮಂಜೂರಾಗಿತ್ತೋ ಅಷ್ಟನ್ನೇ ಕೊಡುತ್ತಿದ್ದರು. ಹುಡುಗಿಗೆ ಬಯ್ಯಲಿಲ್ಲ. ಎರಡನೆಯ ಸೆಟ್ಟು ತರಿಸಿ, ಆಟೋಕ್ಲೇವ್ ತಡೆಯುವ ಸಲಕರಣೆಗಳನ್ನೇ ಖರೀದಿಸಿದರು. ದುಡ್ಡು ಖರ್ಚಾಯಿತು, ಗಂಟು ನಿಂತಿತು. ಮಾಲೀಕರು ಆ ಆಸ್ಪತ್ರೆಯಲ್ಲಿ ಕೋಣೆಯ ಆಚೆಬದಿಗೇ ಕೂತಿರುತ್ತಿದ್ದರು, ಸಹಿ ಮಾಡುವವರೂ ಅವರೇ. ಕಾರಣ ಹುಡುಕುವವರಿಗೂ ಖರೀದಿ ಮಾಡುವವರಿಗೂ ನಡುವೆ ಒಂದು ಬಾಗಿಲಷ್ಟೇ ಅಂತರವಿತ್ತು.

ಅಂತರ ದೊಡ್ಡದಾದಾಗ ಏನಾಗುತ್ತದೆ ಎನ್ನುವುದನ್ನು ನಿವೃತ್ತಿಯ ನಂತರ ಪೇಪರಿನಲ್ಲಿ ಓದಿದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಮೋತಿಬಿಂದು ಆಪರೇಷನ್ ಆದ ಹಲವರ ಕಣ್ಣಿಗೆ ಸೋಂಕಾಗಿ ಕೆಲವರ ದೃಷ್ಟಿ ಹೋಯಿತು. ಆಪರೇಷನ್ ವೇಳೆ ಕಣ್ಣಿನೊಳಗೆ ಬಳಸುವ ದ್ರಾವಣದ ಮೇಲೆ ಅನುಮಾನ ಬಂತು. ಆದರೆ ನವೆಂಬರಿನಲ್ಲಿ ಪ್ರತಿಭಟನೆಗೆಂದು ಹೋದವರ ಜಗಳಕ್ಕೆ ಸಿಕ್ಕವರು ಅಂದು ಕರ್ತವ್ಯದಲ್ಲಿದ್ದ ಕಿರಿಯ ಡಾಕ್ಟರುಗಳು. 2024ರ ನವೆಂಬರಿನಲ್ಲಿ ಬಳ್ಳಾರಿ. ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರಿಗೆ ಒಬ್ಬರ ಹಿಂದೆ ಒಬ್ಬರಂತೆ ಮೂತ್ರಪಿಂಡ ಕೈಕೊಟ್ಟು, ಐದು ಜನ ತೀರಿಕೊಂಡರು. ಅಲ್ಲಿ ಮಾತ್ರ ಗುದ್ದಲಿ ಓಟಿಯ ಬಾಗಿಲಲ್ಲಿ ನಿಲ್ಲಲಿಲ್ಲ. ಎಲ್ಲರಿಗೂ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಯ ಮೇಲೆ ಅನುಮಾನ ಹೋಯಿತು. ಆ ಕಂಪನಿಯ ದ್ರಾವಣವನ್ನು ಮೊದಲು ತಡೆಹಿಡಿದಿದ್ದು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದ ಮೇಲೆ ಮತ್ತೆ ಬಳಕೆಗೆ ಬಿಟ್ಟದ್ದು ಹೊರಬಂತು. ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಓದುತ್ತ ನನಗೆ ನೆನಪಾದದ್ದು ಕಪ್ಪು ಗೆರೆಯ ಪಟ್ಟಿ. ಬಾಟಲಿಯ ಮೇಲೂ ಪಾಸಾದ ಗುರುತು ಇದ್ದೇ ಇತ್ತು.

ಐದು ಸಾವು ಆಗಿದ್ದಕ್ಕೆ ಅಷ್ಟು ಮೇಲಿನವರೆಗೆ ಕೇಳಿದರು. ನಮ್ಮ ಹರ್ನಿಯಾಗಳಲ್ಲಿ ಯಾರೂ ಸಾಯಲಿಲ್ಲ. ಎರಡು ತಿಂಗಳು ಡ್ರೆಸ್ಸಿಂಗ್ ಮಾಡಿಸಿಕೊಂಡು, ಬಸ್ ಚಾರ್ಜ್ ಕೊಟ್ಟು, ಕೂಲಿ ಬಿಟ್ಟು, ಎಂತದೋ ನಂಜಿನದು ತಿಂದೆನೆಂದು ತಮ್ಮನ್ನೇ ಬಯ್ದುಕೊಂಡು ಸುಮ್ಮನಾದರು.

ಸಾವಾದ ಮೇಲೆ ನಮ್ಮ ಜಿಲ್ಲೆಯಲ್ಲೂ ಕೂಗೆದ್ದದ್ದುಂಟು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತು. ಎರಡು ವರ್ಷಕ್ಕೆ ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂದು, ದೊಡ್ಡ ಆಸ್ಪತ್ರೆಗಳಿಗೆ ಹೋಗುವ ತೆಂಕಣ ದಾರಿಯೇ ಹಲವು ದಿನ ಮುಚ್ಚಿತು. ಆಸ್ಪತ್ರೆಯ ಆ ಕೂಗಿನಲ್ಲಿ ಕಟ್ಟಡದ ಮಾತು, ಯಂತ್ರದ ಮಾತು ಬಹಳ ಕೇಳಿಬಂತು. ಕಟ್ಟಡ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಆ ಕಟ್ಟಡದಲ್ಲಿ ವಾರದ ಏಳೂ ದಿನ ಅರಿವಳಿಕೆ ಕೊಡುವವರು ಯಾರು, ಅವರ ಮಕ್ಕಳು ಓದುವುದೆಲ್ಲಿ, ಅವರಿಗೆ ರಜೆ ಬೇಕಾದಾಗ ಬದಲಿ ಯಾರು ಎಂದು ಯಾವ ಭಾಷಣದಲ್ಲೂ ನಾನು ಕೇಳಲಿಲ್ಲ.

ನಾನು ಮೊದಲು ಹೇಳಿದ ಆಸ್ಪತ್ರೆಗೆ ಕೊನೆಗೂ ಜನ ಸಿಕ್ಕರು. 2016ರಲ್ಲಿ ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಈ ಕಡೆ ನೆಲೆಸುವ ಡಾಕ್ಟರರ ಸಂಖ್ಯೆ ಹೆಚ್ಚಿತು. ಘಟ್ಟ ಹತ್ತಿ ಇಳಿಯಬೇಕಾಗಿಲ್ಲದ ಒಬ್ಬ ಅರಿವಳಿಕೆ ತಜ್ಞೆ ವಾರಕ್ಕೆ ಐದು ದಿನ ಬರತೊಡಗಿದರು. ಪಟ್ಟಿ ದಿನಕ್ಕೆ ನಾಲ್ಕಕ್ಕೆ ಇಳಿಯಿತು. ಅದೇ ಹಳೆಯ ಯಂತ್ರ, ಅದೇ ಮಳೆ, ಅದೇ ಅಕ್ಕ. ಗೌನಿಗೆ ಕೂಗುವವರಿಲ್ಲದ್ದರಿಂದ ಡ್ರಮ್ಮು ತನ್ನಷ್ಟಕ್ಕೆ ಒಣಗಿತು. ಆ ವರ್ಷದ ವರದಿಯಲ್ಲಿ ಗಾಯದ ಸೋಂಕು ಕಡಿಮೆಯಾದದ್ದು ದಾಖಲಾಗಿತ್ತೆಂದು ನನ್ನ ಹಿಂದೆ ಬಂದ ಸಿಸ್ಟರ್ ಫೋನಿನಲ್ಲಿ ಓದಿ ಹೇಳಿದಳು. ಕಾರಣದ ಕಾಲಮ್ಮಿನಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದೆ.

‘ಡ್ರಮ್ ತುಂಬುವ ಬಗ್ಗೆ ಸಿಬ್ಬಂದಿಗೆ ನೀಡಿದ ತರಬೇತಿ’ ಎಂದಳು.